ಕೈರೋ ಜನ ಕಳಿಸಿಕೊಡದ ನಫೀಸಾ

ಕೈರೋಗೆ ಹೋದವರು ಪಿರಮಿಡ್ ನೋಡದೆ ಬರುವುದುಂಟೇ? ನಾವೂ ನೋಡಿದೆವು, ಬಿಸಿಲಿಗೆ ತಲೆ ಸುತ್ತಿಸಿಕೊಂಡೆವು. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಊರಿನ ದಕ್ಷಿಣಕ್ಕೆ, ಹಳೆಯ ಗೋರಿಗಳ ಮಗ್ಗುಲಲ್ಲಿರುವ ಸೈಯಿದಾ ನಫೀಸಾ ಮಸೀದಿ.

ನಾವು ಹೋದ ಸಂಜೆ ಅಲ್ಲೊಂದು ನಿಕಾಹ್. ಈ ತಾಯಿಯ ಸನ್ನಿಧಿಯಲ್ಲಿ ಮದುವೆಯಾದರೆ ಬಾಳು ಹಸನಾಗುತ್ತದೆಂದು ಅಲ್ಲಿಯವರ ನಂಬಿಕೆ. ಅಂಗಳದಲ್ಲಿ ಬಿಳಿಯುಡುಪಿನ ಮದುಮಗಳು, ಸುತ್ತ ನಾಲಿಗೆ ಹೊರಳಿಸಿ ಉಲುಲು ಅಂತ ಕೂಗುವ ಹೆಂಗಸರು. ಒಳಗೆ ಗೋರಿಯ ಜಾಲರಿ ಹಿಡಿದು ಒಬ್ಬಾಕೆ ಅಳುತ್ತಿದ್ದಳು. ಪಕ್ಕದಲ್ಲೇ ಇನ್ನೊಬ್ಬಾಕೆ ಮಗುವಿಗೆ ರೊಟ್ಟಿ ಮುರಿದು ತಿನ್ನಿಸುತ್ತಿದ್ದಳು. ಯಾರೂ ಯಾರನ್ನೂ ಗದರಲಿಲ್ಲ.

ಯಾರೀಕೆ? ಪ್ರವಾದಿ ಮುಹಮ್ಮದರ ಮೊಮ್ಮಗ ಹಸನರ ಮರಿಮಗಳು. 762ರಲ್ಲಿ ಮೆಕ್ಕಾದಲ್ಲಿ ಹುಟ್ಟಿ ಮದೀನಾದಲ್ಲಿ ಬೆಳೆದವರು. 809ರಲ್ಲಿ ಗಂಡನ ಜೊತೆ ಈಜಿಪ್ಟಿಗೆ ಬಂದರು. ಆಗಿನ್ನೂ ಕೈರೋ ಇರಲಿಲ್ಲ, ಫುಸ್ತಾತ್ ಅಂತ ಊರು. ಕುರಾನ್ ಬಾಯಿಪಾಠ, 'ವಿದ್ಯಾರತ್ನ' ಅನ್ನುವ ಅರ್ಥದ ಬಿರುದು ಬೇರೆ. ಇಮಾಮ್ ಶಾಫಿಯವರೇ ಪಾಠ ಹೇಳಲು ಹೋಗುವಾಗ ಇವರ ಮನೆಗೆ ಬಂದು ಹೋಗುತ್ತಿದ್ದರಂತೆ. ನಮ್ಮ ಭಟ್ಕಳದ ನವಾಯತರು, ಮಂಗಳೂರಿನ ಬ್ಯಾರಿಗಳು ಇಂದಿಗೂ ಅನುಸರಿಸುವುದು ಈ ಶಾಫಿಯವರ ಪಂಥವನ್ನೇ. 820ರಲ್ಲಿ ಅವರು ತೀರಿಕೊಂಡಾಗ ಶವವನ್ನು ನಫೀಸಾರ ಮನೆಗೆ ತಂದರಂತೆ, ಆಕೆ ಪ್ರಾರ್ಥನೆ ಸಲ್ಲಿಸಲೆಂದು. ಅಂಥ ಪಂಡಿತರಿಗೆ ಒಬ್ಬ ಹೆಂಗಸಿನ ಪ್ರಾರ್ಥನೆ! ಇದನ್ನು ಓದಿದಾಗ ಪವಾಡಗಳಿಗಿಂತ ಇದೇ ನನಗೆ ದೊಡ್ಡದೆನಿಸಿತು.

ಪವಾಡಗಳಿಗೇನು, ಬೇಕಾದಷ್ಟಿವೆ. ನೆರೆಮನೆಯ ಯಹೂದಿ ಹುಡುಗಿಗೆ ಕಾಲು ಬಂದದ್ದು, ಇವರ ಮುಸುಕಿನ ಬಟ್ಟೆ ಹಾಕಿದ್ದಕ್ಕೆ ಬತ್ತಿದ ನೈಲ್ ನದಿ ಉಕ್ಕಿದ್ದು. ಸುದ್ದಿ ಹಬ್ಬಿ ಮನೆ ತುಂಬ ಜನವೋ ಜನ. ಪ್ರಾರ್ಥನೆಗೆ ಪುರುಸೊತ್ತಿಲ್ಲ, ಮದೀನಾಕ್ಕೆ ಹೋಗಿಬಿಡುತ್ತೇನೆ ಅಂದರಂತೆ ಪಾಪ! ಜನ ಗೋಗರೆದರು. ಕೊನೆಗೆ ರಾಜ್ಯಪಾಲನೇ ದೊಡ್ಡ ಮನೆ ಕೊಟ್ಟು, ವಾರಕ್ಕೆ ಎರಡೇ ದಿನ ಜನರನ್ನು ನೋಡಿ, ಮಿಕ್ಕ ದಿನ ನಿಮ್ಮದು ಎಂದು ರಾಜಿ ಮಾಡಿಸಿದ. ನಂಟರು ತುಂಬಿದ ಮನೆಯ ಗೃಹಿಣಿಯರಿಗೆ ಆ ಕಷ್ಟ ಹೇಳಬೇಕೇ?

ತಮ್ಮ ಗೋರಿಯನ್ನು ತಾವೇ ತೋಡಿ, ಅದರೊಳಗೆ ಕೂತು ಕುರಾನ್ ಓದುತ್ತಿದ್ದರು ಎನ್ನುತ್ತಾರೆ. 824ರ ರಮ್ಜಾನಿನಲ್ಲಿ ಉಪವಾಸವಿದ್ದಾಗಲೇ ತೀರಿಕೊಂಡರು. ಗಂಡ ದೇಹವನ್ನು ಮದೀನಾಕ್ಕೆ ಒಯ್ಯಲು ಹೊರಟರೆ ಊರಿಗೆ ಊರೇ ಅಡ್ಡಬಂತು. ಚಂದಾ ಎತ್ತಿ ಹಣ ಮುಂದಿಟ್ಟಿತು. ಆತ ಒಪ್ಪಲಿಲ್ಲ. ಆ ರಾತ್ರಿ ಕನಸಿನಲ್ಲಿ ಪ್ರವಾದಿ ಬಂದು, ಹಣ ಹಿಂದಿರುಗಿಸು, ಇವಳನ್ನು ಇಲ್ಲೇ ಬಿಡು ಅಂದರಂತೆ.

ಗೋರಿಗೆ ಹರಕೆ ಹೊರುವುದು ಧರ್ಮಕ್ಕೆ ವಿರುದ್ಧ ಎನ್ನುವ ಮುಸ್ಲಿಂ ಪಂಡಿತರೂ ಇದ್ದಾರೆ. ಹೆಂಗಸರು ಕೇಳಿಸಿಕೊಳ್ಳುತ್ತಾರೆ, ಮತ್ತೆ ಬರುತ್ತಾರೆ. ನಾವು ಚಪ್ಪಲಿ ಮೆಟ್ಟಿಕೊಳ್ಳುವಾಗ ಒಬ್ಬ ಅಜ್ಜಿ ನನ್ನ ಕೈಗೂ ಒಂದು ತುಂಡು ರೊಟ್ಟಿ ಇಟ್ಟರು. ಹರಕೆ ತೀರಿತಂತೆ. ಏನು ಹರಕೆಯೋ, ಕೇಳಲು ನನಗೆ ಭಾಷೆ ಬರಲಿಲ್ಲ.