ಬಂದರೂರಿನಲ್ಲಿ ಕಳ್ಳು ಹುಡುಕಿಕೊಂಡು ನಡೆದದ್ದು

ಹೊರದೇಶದ ಬಂದರು ಪಟ್ಟಣಗಳಲ್ಲಿ ಹೀಗೊಂದು ತಿರುಗಾಟ ಇದೆ. ಕೈಯಲ್ಲೊಂದು ನಕ್ಷೆ, ಜೊತೆಗೆ ಗೈಡ್ ಇಲ್ಲ. ಆಯಾ ಊರಲ್ಲೇ ಬಿಯರ್ ತಯಾರಿಸುವ ಸಣ್ಣ ಸಣ್ಣ ಜಾಗಗಳನ್ನು ನಡೆದುಕೊಂಡೇ ನೋಡುವುದು, ಒಂದೊಂದು ಕಡೆ ಒಂದೊಂದು ಗುಟುಕು ರುಚಿ ನೋಡುವುದು. ಇದನ್ನು ಓದಿದಾಗ ನಮ್ಮಲ್ಲೊಬ್ಬ ಕೇಳಿದ: "ನಮಗೆ ಹತ್ತಿರದ ಬಂದರು ಮಂಗಳೂರು. ಅಲ್ಲಿ ಹೀಗೆ ನಡೆದರೆ ಏನು ಸಿಗುತ್ತೆ?"

ಹೊರಟವರು ನಾವು ನಾಲ್ವರು, ಇಬ್ಬರು ಹುಡುಗರು, ಇಬ್ಬರು ಹುಡುಗಿಯರು. ನಾಲ್ವರೂ ಕೊಣನೂರು ಸುತ್ತಮುತ್ತಲಿನವರೇ. ಒಬ್ಬನ ತಾತ ಈಚಲು ಮರ ಕೆತ್ತಿ ಹೆಂಡ ಇಳಿಸುತ್ತಿದ್ದವರು. ಒಬ್ಬಳ ಮನೆಯಲ್ಲಿ ಅಪ್ಪ ಕುಡಿದು ಕುಡಿದೇ ಹೋದರು, ಎರಡು ಎಕರೆ ಗದ್ದೆಯೂ ಅವರ ಹಿಂದೆ ಹೋಯಿತು. ಅವಳು ಒಂದು ಷರತ್ತು ಹಾಕಿಯೇ ಬಂದಳು: "ಕುಡಿತ ಹೊಗಳೋ ಒಂದು ಸಾಲು ಬಂದರೂ ನಾನು ಇದರಲ್ಲಿಲ್ಲ." ಹೊಗೆಸೊಪ್ಪು ಬೆಳೆದು ರಾಮನಾಥಪುರದ ಹರಾಜಿಗೆ ಹಾಕುವ ಊರಿನವರು ನಾವು. ಚಟದ ಬಗ್ಗೆ ಬೇರೆಯವರಿಗೆ ಬುದ್ಧಿ ಹೇಳುವ ಯೋಗ್ಯತೆ ನಮಗೂ ಅಷ್ಟಕ್ಕಷ್ಟೇ ಅಂತ ಒಪ್ಪಿಕೊಂಡೇ ಹೊರಟೆವು.

ಹಾಸನದಿಂದ ರಾತ್ರಿ ಬಸ್ಸು. ಶಿರಾಡಿ ಘಾಟಿ ಇಳಿಯುವಾಗ ಯಾರಿಗೂ ನಿದ್ದೆ ಇಲ್ಲ. ಬೆಳಗಿನ ಜಾವ ಬಿಜೈ ನಿಲ್ದಾಣದಲ್ಲಿ ಇಳಿದಾಗ ಆಗಲೇ ಸೆಕೆ. ಮೊದಲು ನೋಡಬೇಕಾದ್ದು ಕಳ್ಳು ಅಂತ ಹೊರಡುವ ಮೊದಲೇ ತೀರ್ಮಾನವಾಗಿತ್ತು, ಯಾಕೆಂದರೆ ಕಳ್ಳು ಬೆಳಗಿನ ಸರಕು, ಸಂಜೆತನಕ ಕಾಯುವುದಿಲ್ಲ. ಸಿಟಿ ಬಸ್ಸು ಹತ್ತಿ ನೇತ್ರಾವತಿ ಸೇತುವೆ ದಾಟಿ ತೊಕ್ಕೊಟ್ಟಿನಲ್ಲಿ ಇಳಿದು, ತೋಟದ ನಡುವಿನ ದಾರಿ ಹಿಡಿದೆವು.

ನಮ್ಮ ಕಡೆ ಹೆಂಡ ಅಂದರೆ ಈಚಲು ಮರದ್ದು. ಕರಾವಳಿಯಲ್ಲಿ ಅದು ತೆಂಗಿನದು ಇಲ್ಲವೇ ತಾಳೆಯದು. ಸರ್ಕಾರಿ ಕಾಗದದಲ್ಲಿ ಶೇಂದಿ, ತುಳುವಿನಲ್ಲಿ ಕಲಿ. ಇಳಿಸುವ ಕಸುಬಿಗೆ ಮೂರ್ತೆ ಅನ್ನುತ್ತಾರೆ, ಇಳಿಸುವವರು ಮೂರ್ತೆದಾರರು. ತೆಂಗಿನ ಹೊಂಬಾಳೆ ಬಿಚ್ಚಿಕೊಳ್ಳುವ ಮೊದಲೇ ಅದನ್ನು ಬಿಗಿಯಾಗಿ ಕಟ್ಟಿ, ದಿನಾ ಮೆಲ್ಲಗೆ ಬಡಿದು, ತುದಿಯನ್ನು ತೆಳ್ಳಗೆ ಸವರುತ್ತಾರೆ. ಅಲ್ಲಿಂದ ತೊಟ್ಟಿಕ್ಕುವ ರಸ ಕೆಳಗೆ ಕಟ್ಟಿದ ಮಡಕೆಗೆ ಬೀಳುತ್ತದೆ. ಆ ಹೊಂಬಾಳೆಯಲ್ಲಿ ಆಮೇಲೆ ಕಾಯಿ ಬಿಡುವುದಿಲ್ಲ. ಮರದವನಿಗೆ ಕಾಯಿ ಬೇಕೋ ಕಳ್ಳು ಬೇಕೋ, ಎರಡರಲ್ಲಿ ಒಂದು.

ನಮಗೆ ಸಿಕ್ಕ ಮೂರ್ತೆದಾರರಿಗೆ ಅರವತ್ತರ ಹತ್ತಿರ. ಆಗಷ್ಟೇ ಮರದಿಂದ ಇಳಿದಿದ್ದರು, ಕಾಲಿಗೆ ಹಾಕುವ ಹಗ್ಗದ ಬಳೆ ಇನ್ನೂ ಕೈಯಲ್ಲಿತ್ತು. "ಮಡಕೆಗೆ ನೀವು ಏನಾದರೂ ಹಾಕ್ತೀರಾ ಅಣ್ಣ, ಹುಳಿ ಬರೋಕೆ?" ಅಂತ ಕೇಳಿದೆವು.

ಅವರು ನಕ್ಕರು. "ಎಂತ ಹಾಕುವುದು ಮಾರಾಯ್ರೆ? ಅದು ತನ್ನಷ್ಟಕ್ಕೇ ಆಗ್ತದೆ. ಆಗಬಾರದು ಅಂತಿದ್ರೆ ಹಾಕ್ಬೇಕು, ಸುಣ್ಣ."

ಮಡಕೆಯ ಒಳಗೆ ಸುಣ್ಣ ಸವರಿದರೆ ರಸ ಹುಳಿಯದೆ ಸಿಹಿಯಾಗಿಯೇ ಉಳಿಯುತ್ತದೆ. ಅದು ನೀರಾ. ಸುಣ್ಣ ಇಲ್ಲದಿದ್ದರೆ ಗಾಳಿಯಲ್ಲಿ, ಮಡಕೆಯಲ್ಲಿ ಇರುವ ಯೀಸ್ಟೇ ಕೆಲಸ ಶುರು ಮಾಡುತ್ತದೆ, ಕೆಲವೇ ಗಂಟೆಗಳಲ್ಲಿ ಕಳ್ಳು. ಹಾಗೇ ಬಿಟ್ಟರೆ ಹುಳಿ ಏರುತ್ತಾ ಏರುತ್ತಾ ಕೊನೆಗೆ ವಿನೆಗರ್. ಹಾಗಾಗಿ ಕಳ್ಳನ್ನು ಲಾರಿಗೆ ಹೇರಿ ಇನ್ನೂರು ಮೈಲಿ ಕಳಿಸಲು ಆಗುವುದಿಲ್ಲ. ಮರದಿಂದ ನಡೆದು ಹೋಗುವಷ್ಟು ದೂರದಲ್ಲೇ ಅದು ಖರ್ಚಾಗಬೇಕು. ಬಾಯ್ಲರ್ ಇಲ್ಲ, ಕರೆಂಟಿಲ್ಲ, ಬಾಟಲಿ ಇಲ್ಲ. ಸ್ಥಳೀಯ ಬ್ರೂವರಿ ಅಂತ ನಾವು ಹುಡುಕಿಕೊಂಡು ಹೋದದ್ದು ತಲೆಯ ಮೇಲೆ ಗರಿ ಅಲ್ಲಾಡಿಸುತ್ತಾ ನಿಂತಿತ್ತು.

ಅಂಗಡಿ ಅಂದರೆ ಒಂದು ಹಂಚಿನ ಮಾಡು, ಎರಡು ಬೆಂಚು. ಕುಡಿಯಲು ಬಂದವರಲ್ಲಿ ಮೀನಿನವರು, ಗಾರೆ ಕೆಲಸದವರು. ಒಬ್ಬ ಹೆಂಗಸು ಸ್ಟೀಲ್ ಕ್ಯಾನು ತಂದು ಅರ್ಧ ಲೀಟರ್ ಕೊಂಡು ಹೋದರು. ಕುಡಿಯಲಿಕ್ಕಲ್ಲ, ಸನ್ನ ಮಾಡಲಿಕ್ಕೆ. ಅಲ್ಲಿನ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಹಬ್ಬಕ್ಕೆ ಮಾಡುವ, ನಮ್ಮ ಇಡ್ಲಿಯಂಥದ್ದೇ ತಿಂಡಿ ಅದು. ಹಿಟ್ಟು ಉಬ್ಬಲು ಕಳ್ಳು ಬೆರೆಸುತ್ತಾರೆ. ಕೆಲವು ದೈವಗಳಿಗೂ ಕಳ್ಳಿನ ಎಡೆ ಉಂಟು ಅಂತ ಬೆಂಚಿನ ಮೇಲಿದ್ದವರು ಹೇಳಿದರು. ನಮ್ಮಲ್ಲಿ ಇಬ್ಬರು ಒಂದೊಂದು ಲೋಟ ರುಚಿ ನೋಡಿದೆವು: ಸಿಹಿ, ಹುಳಿ, ಮೂಗಿಗೆ ಏರುವ ಸಣ್ಣ ಗುಳ್ಳೆ. ಇನ್ನಿಬ್ಬರು ಬಂಗುಡೆ ತಿಂದರು.

"ನಿಮ್ಮ ಮಕ್ಕಳು ಮರ ಹತ್ತುತ್ತಾರಾ?" ಅಂದರೆ, "ಒಬ್ಬ ಮಸ್ಕತ್, ಒಬ್ಬ ಬೊಂಬಾಯಿ. ಹತ್ತುವುದು ಯಾಕೆ?" ಅಂತ ನಮ್ಮನ್ನೇ ಕೇಳಿದರು.

ಇಲ್ಲಿ ಸ್ವಲ್ಪ ಕಾನೂನು ಹೇಳಲೇಬೇಕು, ಇಲ್ಲದಿದ್ದರೆ ನಮ್ಮ ಈಚಲು ಮರ ಯಾಕೆ ಒಣಗಿತು ಅಂತ ಗೊತ್ತಾಗುವುದಿಲ್ಲ. ರಾಜ್ಯದ ಹೆಚ್ಚಿನ ಕಡೆ ಶೇಂದಿ ನಿಂತದ್ದು 2004ರಲ್ಲಿ. ದಕ್ಷಿಣ ಕನ್ನಡ, ಉಡುಪಿ ಕಡೆ ಮಾತ್ರ ಬಿಟ್ಟರು. ಅದಕ್ಕೊಂದು ವರ್ಷ ಮೊದಲು, 2003ರಲ್ಲಿ, ಬ್ರಾಂದಿ, ವಿಸ್ಕಿ, ಬಿಯರ್ ಎಲ್ಲದರ ಸಗಟು ವ್ಯಾಪಾರಕ್ಕೆ ಸರ್ಕಾರ ತನ್ನದೇ ಪಾನೀಯ ನಿಗಮ ಮಾಡಿಕೊಂಡಿತ್ತು. 2007ರ ಜುಲೈ 1ಕ್ಕೆ ಸಾರಾಯಿಯೂ ನಿಂತಿತು. ಹೆಂಡ ನಿಲ್ಲಿಸಲು ಕಾರಣವೇ ಇರಲಿಲ್ಲ ಅನ್ನಲು ಬರುವುದಿಲ್ಲ. ಮರ ಕೊಡುವುದಕ್ಕಿಂತ ಹೆಚ್ಚು ಹೆಂಡ ಅಂಗಡಿಯಲ್ಲಿ ಸುರಿಯುತ್ತಿದ್ದ ಕಡೆ ಅದರಲ್ಲಿ ಬೆರೆಸುತ್ತಿದ್ದದ್ದು ನೀರಷ್ಟೇ ಅಲ್ಲ, ಕ್ಲೋರಲ್ ಹೈಡ್ರೇಟ್. ರಾಯಚೂರು ಕಡೆ ಇದು ಮನೆಮಾತು, ಜನ ಸಿ.ಎಚ್. ಪೌಡರ್ ಅನ್ನುತ್ತಾರೆ. ಅದಕ್ಕೆ ಬಿದ್ದವರು ಎದ್ದದ್ದು ಕಡಿಮೆ.

ಆದರೆ ಹೆಂಡ, ಸಾರಾಯಿ ಎರಡೂ ಹೋದ ಮೇಲೆ ಹಳ್ಳಿಯ ಕುಡುಕ ಏನು ಕುಡಿದ? ಲೆಕ್ಕ ಹಾಕಿ ನೋಡೋಣ. ಕಳ್ಳಿನಲ್ಲಿ ಮದ್ಯಸಾರ ನೂರಕ್ಕೆ ನಾಲ್ಕೈದು. ಬಿಯರಿನಲ್ಲೂ ಹೆಚ್ಚುಕಡಿಮೆ ಐದು, ಸ್ಟ್ರಾಂಗ್ ಆದರೆ ಎಂಟರವರೆಗೆ. ಬ್ರಾಂದಿ ಅಂಗಡಿಯ ಡಬ್ಬಿಯ ಮೇಲೆ ಸಣ್ಣಕ್ಷರದಲ್ಲಿ ಬರೆದಿರುವುದು 42.8. ಒಂದು ಕ್ವಾಟ್ರು, ಅಂದರೆ 180 ಎಂ.ಎಲ್. ಒಳಗೆ 77 ಎಂ.ಎಲ್. ಮದ್ಯಸಾರ. ಒಂದು ದೊಡ್ಡ ಬಾಟಲಿ ಸಾದಾ ಬಿಯರಿನಲ್ಲಿ, 650 ಎಂ.ಎಲ್.ಗೆ, ಸುಮಾರು 32. ಹಾಗಾದರೆ ಕೈಯಲ್ಲಿ ಮುಚ್ಚಿಕೊಂಡು ಹೋಗಬಹುದಾದ ಆ ರಟ್ಟಿನ ಡಬ್ಬಿಯಲ್ಲಿ ಇರುವುದು ಎರಡು ದೊಡ್ಡ ಬಾಟಲಿ ಬಿಯರಿಗಿಂತ ಜಾಸ್ತಿ. ಅದೂ ಹೆಚ್ಚಾಗಿ ಕಬ್ಬಿನ ಕಾಕಂಬಿಯಿಂದ ಇಳಿಸಿದ ಸ್ಪಿರಿಟ್‌ಗೆ ಬಣ್ಣ ಮತ್ತು ವಾಸನೆ ಸೇರಿಸಿದ್ದು. ಚನ್ನರಾಯಪಟ್ಟಣದ ಕಡೆ ಸಕ್ಕರೆ ಕಾರ್ಖಾನೆಗೆ ಕಬ್ಬು ಹಾಕಿದವರಿಗೆ ಕಾಕಂಬಿ ಏನೆಂದು ಹೇಳಬೇಕಾಗಿಲ್ಲ. ಈ ಡಬ್ಬಿ ಕೆಡುವುದಿಲ್ಲ. ಚೀಲದಲ್ಲಿ ಹಾಕಿಕೊಂಡು ಬೈಕಿನಲ್ಲಿ ತಂದು, ಬೀಡಿ ಬೆಂಕಿಪೊಟ್ಟಣದ ಪಕ್ಕ ಇಟ್ಟು ಮಾರಬಹುದು. ಮಾರುತ್ತಲೂ ಇದ್ದಾರೆ, ನಿಮಗೇ ಗೊತ್ತು.

ಬಿಸಿಲೇರಿದ ಮೇಲೆ ಪೇಟೆಗೆ ವಾಪಸು ಬಂದು ಹಂಪನಕಟ್ಟೆಯಿಂದ ನಡೆಯತೊಡಗಿದೆವು. ಸ್ಟೇಟ್ ಬ್ಯಾಂಕ್ ನಿಲ್ದಾಣ, ಅಲ್ಲಿಂದ ಹಳೇ ಬಂದರು. ದಕ್ಕೆಯಲ್ಲಿ ಬೋಟುಗಳು ಒತ್ತೊತ್ತಾಗಿ ನಿಂತಿದ್ದವು. ಬೇಂಗ್ರೆಗೆ ಹೋಗುವ ದೋಣಿಯಲ್ಲಿ ಜನ, ಸೈಕಲ್ಲು, ಅಕ್ಕಿ ಮೂಟೆ. ದೊಡ್ಡ ಹಡಗುಗಳೆಲ್ಲ ಈಗ ಪಣಂಬೂರಿನ ಹೊಸ ಬಂದರಿಗೆ ಹೋಗುತ್ತವೆ. ನಮ್ಮ ಅಜ್ಜಿಯರ ಮನೆಯ ಮಾಡಿಗೆ ಹೊದಿಸಿದ ಮಂಗಳೂರು ಹೆಂಚು ಈ ಊರಿನದೇ. ಬಾಸೆಲ್ ಮಿಷನ್‌ನವರು ಮೊದಲ ಹೆಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಮಣ್ಣಿನ ಹೆಂಚು ಇಲ್ಲಿಂದ ದೇಶವೆಲ್ಲ ಸುತ್ತಿತು. ಕಳ್ಳು ಮಾತ್ರ ನೇತ್ರಾವತಿಯಾಚೆಯ ತೋಟದಲ್ಲೇ ಉಳಿಯಿತು.

ಬಂದರಿನಿಂದ ಕುದ್ರೋಳಿಗೆ ನಡೆದೇ ಹೋದೆವು. ಗೋಕರ್ಣನಾಥೇಶ್ವರ ದೇವಸ್ಥಾನ ನಮ್ಮ ನಕ್ಷೆಯಲ್ಲಿ ಮೊದಲು ಇರಲಿಲ್ಲ. ಹೆಂಡ ಹುಡುಕಿಕೊಂಡು ಬಂದವರಿಗೆ ಗುಡಿಯಲ್ಲೇನು ಕೆಲಸ? ಸೇರಿಸಿದ್ದು ಷರತ್ತು ಹಾಕಿದ್ದ ಹುಡುಗಿ. ಕರಾವಳಿಯಲ್ಲಿ ಮೂರ್ತೆ ಕಸುಬು ಮಾಡಿದವರಲ್ಲಿ ಹೆಚ್ಚಿನವರು ಬಿಲ್ಲವರು. ಒಂದು ಕಾಲಕ್ಕೆ ಅವರನ್ನು ಬೇರೆಯವರ ಗುಡಿಯ ಒಳಗೆ ಬಿಡುತ್ತಿರಲಿಲ್ಲ. ಕೇರಳದಿಂದ ನಾರಾಯಣ ಗುರುಗಳನ್ನು ಕರೆತಂದು, 1912ರಲ್ಲಿ ಅವರ ಕೈಯಿಂದಲೇ ಇಲ್ಲಿ ಶಿವನನ್ನು ಪ್ರತಿಷ್ಠೆ ಮಾಡಿಸಿದರು. ಅದೇ ಗುರುಗಳು, ಮರ ಹತ್ತಿಯೇ ಅನ್ನ ಉಣ್ಣುತ್ತಿದ್ದ ಜನಕ್ಕೆ, ಮದ್ಯ ವಿಷ, ಅದನ್ನು ಮಾಡಲೂ ಬೇಡಿ, ಕೊಡಲೂ ಬೇಡಿ, ಕುಡಿಯಲೂ ಬೇಡಿ ಎಂದು ಬೋಧಿಸಿದವರು. ಮಕ್ಕಳನ್ನು ಓದಿಸಿ ಎಂದವರೂ ಅವರೇ. ಬೆಳಿಗ್ಗೆ ಸಿಕ್ಕ ಮೂರ್ತೆದಾರರ ಮಕ್ಕಳು ಮಸ್ಕತ್ತಿನಲ್ಲಿ, ಬೊಂಬಾಯಿಯಲ್ಲಿ ಇರುವುದನ್ನು ನೆನೆದರೆ ಜನ ಆ ಮಾತನ್ನು ಅರ್ಧವಾದರೂ ಕೇಳಿದರು ಅನ್ನಿಸಿತು. ಕಸುಬು ನಿಂತರೆ ಅಯ್ಯೋ ಅನ್ನಬೇಕೋ, ಮರದಿಂದ ಬಿದ್ದು ಸೊಂಟ ಮುರಿದುಕೊಳ್ಳುವುದು ತಪ್ಪಿತಲ್ಲ ಅನ್ನಬೇಕೋ? ಗುಡಿಯ ಕಲ್ಲಿನ ಮೇಲೆ ಕೂತು ಅರ್ಧ ಗಂಟೆ ಜಗಳವಾಡಿದೆವು, ಮುಗಿಯಲಿಲ್ಲ.

ಸಂಜೆಗೆ ಮೈಕ್ರೋಬ್ರೂವರಿ, ಅಂದರೆ ಅಲ್ಲೇ ಬಿಯರ್ ತಯಾರಿಸಿ ಅಲ್ಲೇ ಲೋಟಕ್ಕೆ ಸುರಿಯುವ ಜಾಗ. ಬೆಂಗಳೂರಿನಲ್ಲಿ ಇಂಥವು ಶುರುವಾಗಿ ಹದಿನೈದು ವರ್ಷದ ಹತ್ತಿರ, ಮಂಗಳೂರಿಗೂ ಬಂದಿವೆ. ಗಾಜಿನ ಗೋಡೆಯ ಹಿಂದೆ ನಮ್ಮ ಡೇರಿಯ ಟ್ಯಾಂಕಿನ ಹಾಗೆ ಹೊಳೆಯುವ ಟ್ಯಾಂಕುಗಳು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ನುಚ್ಚು ಮಾಡಿ ಬಿಸಿನೀರಿನಲ್ಲಿ ನೆನೆಸಿ ಸಿಹಿ ನೀರು ತೆಗೆಯುತ್ತಾರೆ. ಅದಕ್ಕೆ ಹಾಪ್ಸ್ ಎಂಬ ಕಹಿ ಹೂವು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿ ವಾರಗಟ್ಟಲೆ ಬಿಡುತ್ತಾರೆ. ನಮ್ಮ ಮನೆಗಳಲ್ಲಿ ರಾಗಿ ಮೊಳಕೆ ಕಟ್ಟುವುದಿಲ್ಲವೇ, ಮೊದಲ ಅರ್ಧ ಅದೇ. ಟ್ಯಾಂಕು ನೋಡಿಕೊಳ್ಳುವ ಹುಡುಗ ಬಹಳ ಪ್ರೀತಿಯಿಂದ ವಿವರಿಸಿದ. ಆದರೆ ಬಾರ್ಲಿ ಉತ್ತರ ಭಾರತದ್ದು, ಹಾಪ್ಸ್ ಹೊರದೇಶದ್ದು. ಇಲ್ಲಿಯದು ನೀರು ಮಾತ್ರ. ಒಂದು ಲೋಟದ ರೇಟು ಕೇಳಿ ನಮ್ಮಲ್ಲೊಬ್ಬ ಬಸ್ ಚಾರ್ಜಿನ ಲೆಕ್ಕ ಹಾಕಿದ. ಒಂದೇ ತರಿಸಿ ಇಬ್ಬರು ಹಂಚಿಕೊಂಡೆವು. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳೋಣ.

ದೊಡ್ಡ ಬಿಯರಿನದು ಬೇರೆಯೇ ಕಥೆ. ಕಿಂಗ್‌ಫಿಶರ್ ಮಾಡುವ ಯುನೈಟೆಡ್ ಬ್ರೂವರೀಸ್ ಶುರುವಾಗಿದ್ದು 1915ರಲ್ಲಿ, ಅದನ್ನು ಬೆಳೆಸಿದ ವಿಠಲ್ ಮಲ್ಯರ ಮನೆತನ ಇಲ್ಲೇ ಬಂಟ್ವಾಳದ್ದು. 2021ರಿಂದ ಅದರ ಹಿಡಿತ ನೆದರ್‌ಲೆಂಡ್ಸಿನ ಹೈನಿಕೆನ್ ಕಂಪನಿಯದು. ಅಲ್ಲಿ ನಡೆದು ನೋಡುವಂಥದ್ದು ಏನೂ ಇಲ್ಲ, ಗೇಟು ಮತ್ತು ಲಾರಿ ಬಿಟ್ಟರೆ.

ರಾತ್ರಿ ಬಸ್ಸಿಗೆ ಕಾಯುವಾಗ ಅವಳು ಇನ್ನೊಂದು ನಡಿಗೆಯ ಮಾತು ತೆಗೆದಳು. 2019ರ ಜನವರಿಯಲ್ಲಿ ಸಾವಿರಾರು ಹಳ್ಳಿ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ಇನ್ನೂರು ಕಿಲೋಮೀಟರ್ ನಡೆದಿದ್ದರು, ರಾಜ್ಯದಲ್ಲಿ ಮದ್ಯ ನಿಲ್ಲಿಸಿ ಅಂತ. ಹನ್ನೆರಡು ದಿನ. ಹಲವರ ಕಾಲಲ್ಲಿ ಹವಾಯಿ ಚಪ್ಪಲಿ. "ನಾವು ಏಳೆಂಟು ಕಿಲೋಮೀಟರ್ ನಡೆದು ಕಾಲು ನೋವು ಅಂತಿದ್ದೀವಿ," ಅಂದಳು. ಅವಳ ಪ್ರಕಾರ ಹೆಂಡ, ಬಿಯರ್, ಕ್ವಾಟ್ರು ಅಂತ ವ್ಯತ್ಯಾಸ ಹುಡುಕುವುದೇ ಕುಡಿಯದವರ ಮನೆಯ ಸುಖ. ತಾತನ ಮೊಮ್ಮಗ ಒಪ್ಪಲಿಲ್ಲ. ಹೆಂಡದ ದುಡ್ಡು ಮರದವನಿಗೆ, ಹತ್ತುವವನಿಗೆ, ಊರಿಗೇ ಸಿಗುತ್ತಿತ್ತು, ಡಬ್ಬಿಯ ದುಡ್ಡು ಊರಲ್ಲಿ ಒಂದು ರಾತ್ರಿಯೂ ತಂಗುವುದಿಲ್ಲ ಅಂತ ಅವನ ವಾದ. ಇಬ್ಬರ ಮಾತೂ ನಮಗೆ ನಿಜ ಅನ್ನಿಸುತ್ತದೆ. ಆದರೆ ಅಂಗಡಿಯಲ್ಲಿ ಡಬ್ಬಿ ಮಾರುವುದನ್ನು ನಿಲ್ಲಿಸಲಾಗದ ಊರಿನಲ್ಲಿ ಈಚಲು ಮರವನ್ನು ಮಾತ್ರ ಬಂದ್ ಮಾಡಿ ಯಾವ ಮನೆ ಉಳಿಯಿತು, ಅದನ್ನು ಯಾರಾದರೂ ತೋರಿಸಬೇಕು.

ಊರಿಗೆ ಬಂದ ಮೇಲೆ ನಾಲ್ವರೂ ಆ ತಾತನ ಹತ್ತಿರ ಹೋದೆವು. ಎಂಬತ್ತು ದಾಟಿದೆ, ಕಣ್ಣು ಮಂಜು. ಮಂಗಳೂರಿನ ಕಳ್ಳಿನ ಬಗ್ಗೆ ಅವರು ಕೇಳಿದ್ದು ಒಂದೇ, ಎಷ್ಟು ಹೊತ್ತಿಗೆ ಇಳಿಸಿದ್ದು ಅಂತ. ಹೇಳಿದೆವು. ತಲೆಯಾಡಿಸಿದರು. ಈಚಲು ಕೆತ್ತುವುದು ಬೇರೆ ಥರ, ಒಂದು ವರ್ಷ ಈ ಮಗ್ಗುಲು, ಮುಂದಿನ ವರ್ಷ ಆ ಮಗ್ಗುಲು, ಮರ ಸಾಯಬಾರದಲ್ಲ ಅಂದರು. ಕೆರೆ ಏರಿಯ ಮೇಲೆ ಅವರು ಕೆತ್ತಿದ ಎರಡು ಮರ ಈಗಲೂ ಇವೆ, ಹಳೆಯ ಗಾಯಗಳು ಎಡಕ್ಕೊಂದು ಬಲಕ್ಕೊಂದು ಮೆಟ್ಟಿಲಿನ ಹಾಗೆ ಕಾಣುತ್ತವೆ.

ಅವಳು ಕೇಳಿದಳು: "ತಾತ, ಹೆಂಡ್ತಿ ಮಕ್ಕಳು ಉಪವಾಸ ಇರೋರು ಬಂದ್ರೆ ಏನ್ ಮಾಡ್ತಿದ್ರಿ?"

ತಾತ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕೆಲವು ಸಲ ಬೈದು ಕಳಿಸಿದ್ದೀನವ್ವ. ಪಕ್ಕದೂರಿಗೆ ಹೋಗಿ ಕುಡಿಯೋನು. ಆಮೇಲಾಮೇಲೆ ಕೊಟ್ಟಿದ್ದೀನಿ."

ಯಾರಿಗೆ ಅಂತ ಅವಳು ಕೇಳಲಿಲ್ಲ. ಅವರ ಮನೆಯವರು ಕಾಫಿ ತಂದರು.