ಕೂಸಿನ ಜಮಾಖರ್ಚು

ಕೂಸು ಹುಟ್ಟಿದ ಗಳಿಗೆಯನ್ನು ಗುರುತುಹಾಕಿಕೊಳ್ಳುವುದರಲ್ಲಿ ನಮ್ಮವರನ್ನು ಮೀರಿಸಿದವರಿಲ್ಲ. ಬಾಣಂತಿಯ ಕೋಣೆಯ ಹೊರಗೆ ಗಡಿಯಾರವನ್ನೇ ದಿಟ್ಟಿಸುತ್ತ ಕುಳಿತ ಹಿರಿಯರು, ಒಳಗಿನಿಂದ ಮೊದಲ ಅಳು ಕೇಳಿಸಿದೊಡನೆ, ಮಗು ಗಂಡೋ ಹೆಣ್ಣೋ ಎಂದು ವಿಚಾರಿಸುವುದಕ್ಕೂ ಮೊದಲೇ ಗಂಟೆ ನಿಮಿಷಗಳನ್ನು ಪಂಚಾಂಗದ ಅಂಚಿನಲ್ಲಿ ಬರೆದಿಟ್ಟು, ನಕ್ಷತ್ರ ಪಾದ ಲಗ್ನಗಳ ನಿಷ್ಕರ್ಷೆಗಾಗಿ ಪುರೋಹಿತರ ಮನೆಗೆ ಆಳನ್ನು ಅಟ್ಟುತ್ತಿದ್ದರು. ಆದರೆ ಇಷ್ಟು ಸೂಕ್ಷ್ಮವಾಗಿ ಪ್ರಾರಂಭವಾದ ಕಾಲಗಣನೆ ಅಲ್ಲಿಗೇ ಮುಗಿದುಹೋಗುತ್ತಿತ್ತು. ಐವತ್ತು ವರ್ಷಗಳ ಮುಂದಿನ ಶನಿದಶೆ ಇಂಥ ತಿಂಗಳಲ್ಲಿ ಹಿಡಿಯುವುದೆಂದು ಹೇಳಬಲ್ಲ ಮನೆಯಲ್ಲಿ, ಕೂಸು ಈ ಬೆಳಿಗ್ಗೆಯಿಂದ ಎಷ್ಟು ಸಲ ಹಾಲು ಕುಡಿಯಿತೆಂದು ಕೇಳಿದರೆ ಉತ್ತರ ಕೊಡುವವರು ಇರಲಿಲ್ಲ. ಕೇಳುವುದೂ ಸಲ್ಲದು; ಕುಡಿದದ್ದನ್ನು ಎಣಿಸಿದರೆ ದೃಷ್ಟಿಯಾಗುತ್ತದೆ.

ಈಗ ಎಲ್ಲವೂ ತಿರುವುಮುರುವಾಗಿದೆ. ಜಾತಕ ಬರೆಯಿಸುವುದನ್ನು ಮುಂದಕ್ಕೆ ಹಾಕಿದರೂ ಹಾಕಿಯಾರು, ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ತೊಟ್ಟಿಲ ಮಗ್ಗುಲಲ್ಲಿ ಒಂದು ನೋಟುಬುಕ್ಕು ಪ್ರತಿಷ್ಠಿತವಾಗುತ್ತದೆ. ಮೊಬೈಲಿನಲ್ಲಿಯೇ ಗುರುತುಮಾಡಿಕೊಳ್ಳುವವರೂ ಉಂಟು. ಎಣ್ಣೆ ನೀವಿದ ಕೈಗೆ ಪೆನ್ಸಿಲೇ ಮೇಲೆಂದು ಬಲ್ಲವರ ಮತ. ನನ್ನ ತಂಗಿಯ ಮಗಳು ಬಾಣಂತನಕ್ಕೆಂದು ತವರಿನಲ್ಲಿದ್ದಾಗ ಅಂಥದೊಂದು ಪುಸ್ತಕವನ್ನು ಓದುವ ಭಾಗ್ಯ ನನಗೆ ಒದಗಿತು. “೨-೧೦, ಎಡ, ಹದಿನೈದು ನಿಮಿಷ. ೨-೩೫, ಒದ್ದೆ. ೪-೦೫, ಬಲ, ನಡುವೆ ನಿದ್ದೆ. ೪-೨೦, ಕಕ್ಕ, ಹಸುರು.” ಹಗಲಿನ ಸಾಲುಗಳು ಗೆರೆಯ ಮೇಲೆ ನೆಟ್ಟಗೆ ನಿಂತಿದ್ದವು, ಅಪರಾತ್ರಿಯ ಸಾಲುಗಳಾದರೋ ಗೆರೆಯಿಂದ ಜಾರಿ, ಅಕ್ಷರಗಳು ಒಂದರ ಮೈಮೇಲೊಂದು ಒರಗಿ, ಬರೆದವಳು ಕೊನೆಯ ಪದವನ್ನು ಪೂರೈಸುವ ಮುನ್ನವೇ ತೂಕಡಿಸಿದಳೆಂಬುದನ್ನು ಸಾರುತ್ತಿದ್ದವು. ಪುಟದ ಮೂಲೆಯಲ್ಲಿ ಹರಳೆಣ್ಣೆಯ ಬೆರಳಚ್ಚು.

“ಇದೇನಮ್ಮ, ಪೊಲೀಸು ಠಾಣೆಯ ಡೈರಿಯೆ?” ಎಂದೆ.

“ಡಾಕ್ಟರು ಕೇಳ್ತಾರೆ ಮಾವ, ದಿನಕ್ಕೆ ಎಷ್ಟು ಸಲ ಉಚ್ಚೆ ಮಾಡುತ್ತೆ ಅಂತ. ನಿದ್ದೆಗಣ್ಣಲ್ಲಿ ನೆನಪೇ ಇರೋಲ್ಲ.”

ನನ್ನ ತಂಗಿ ಮಾತ್ರ ಬಟ್ಟೆ ಮಡಿಸುತ್ತಲೇ, “ನಿನ್ನನ್ನು ಸಾಕುವಾಗ ಅಮ್ಮ ಯಾವ ರಿಜಿಸ್ಟರು ಇಟ್ಟಿದ್ದಳು, ಕೇಳಣ್ಣ ಇವಳನ್ನ” ಎಂದಳು. ನಾನು ತಾಯಿಯ ಪಕ್ಷವನ್ನೂ ಮಗಳ ಪಕ್ಷವನ್ನೂ ಹಿಡಿಯದೆ ಕಾಫಿಯ ಲೋಟವನ್ನು ಹಿಡಿದೆ.

ಮನೆಗೆ ಮರಳಿದ ಮೇಲೆ ಯೋಚಿಸಿದಷ್ಟೂ ಮಗಳ ಪಕ್ಷವೇ ಬಲವಾಗಿ ತೋರಿತು. ಸೀಸೆಯ ಹಾಲಿಗಾದರೆ ಅಳತೆಯ ಗೆರೆಗಳುಂಟು. ತಾಯಿಯ ಎದೆಗೆ ವಿಧಾತನು ಯಾವ ಗೆರೆಯನ್ನೂ ಎಳೆದಿಲ್ಲ. ಅರ್ಧ ಗಂಟೆ ಬಾಯಿಟ್ಟುಕೊಂಡಿದ್ದ ಕೂಸು ನಿಜವಾಗಿ ಹಾಲು ನುಂಗಿತೋ, ಬೆಚ್ಚಗಿರುವುದೆಂದು ಅಲ್ಲಿಯೇ ಕಣ್ಣುಮುಚ್ಚಿತೋ ತಿಳಿಯದು. ಜಮೆ ಎಷ್ಟೆಂಬುದು ಕಣ್ಣಿಗೆ ಬೀಳುವಂತಿಲ್ಲವಾದುದರಿಂದ, ಖರ್ಚನ್ನು ನೋಡಿ ಜಮೆಯನ್ನು ಊಹಿಸಬೇಕಾದ, ಯಾವ ಶಾನುಭೋಗನೂ ಬರೆದಿರದ ಲೆಕ್ಕ ಇದು. ಹುಟ್ಟಿದ ದಿನ ಶಿಶುವಿನ ಜಠರಕ್ಕೆ ಹಿಡಿಸುವುದು ಹೆಚ್ಚುಕಡಿಮೆ ಒಂದು ಚಮಚ. ಆದುದರಿಂದಲೇ ಅದು ಅಹೋರಾತ್ರಿಯಲ್ಲಿ ೮ರಿಂದ ೧೨ ಸಲ ಹಾಲು ಬೇಡುತ್ತದೆ. ಮೊದಲ ದಿನ ಒಂದು ಬಟ್ಟೆ ಒದ್ದೆಯಾದರೆ ಸಾಕು, ಎರಡನೆಯ ದಿನ ಎರಡು. ತಾಯಿಗೆ ಹಾಲು ತುಂಬಿಬಂದು, ಕೂಸಿಗೆ ಐದಾರು ದಿನಗಳಾಗುವ ಹೊತ್ತಿಗೆ ದಿನಕ್ಕೆ ಆರಕ್ಕೆ ಕಡಿಮೆಯಾಗಬಾರದು. ಮಲದ ಬಣ್ಣವೂ ಹಾಗೆಯೇ ಕ್ರಮವಾಗಿ ಮಾರ್ಪಡುತ್ತದೆ. ಮೊದಲು ಬರುವುದು ಕಪ್ಪಗೆ ಅಂಟಂಟಾಗಿ, ತೊಳೆದರೂ ಬಿಡದಂಥದು. ಮೂರನೆಯ ದಿನದ ವೇಳೆಗೆ ಹಸುರು. ಐದನೆಯ ದಿನದ ಸುಮಾರಿಗೆ ನೀರುನೀರಾದ ಹಳದಿ. ಪುಸ್ತಕದಲ್ಲಿ “ಹಸುರು” ಎಂಬುದು ಅಳಿದು “ಹಳದಿ” ಎಂದು ಬಂದ ದಿನ ಹಾಲು ಹೊಟ್ಟೆಗೆ ಇಳಿಯುತ್ತಿದೆಯೆಂದು ತಿಳಿಯಬೇಕು. ಹುಟ್ಟಿದ ಮೊದಲ ದಿನಗಳಲ್ಲಿ ಕೂಸಿನ ತೂಕ ನೂರಕ್ಕೆ ಏಳರಷ್ಟು, ಒಮ್ಮೊಮ್ಮೆ ಹತ್ತರವರೆಗೂ ಇಳಿಯುವುದುಂಟು. ಎರಡು ವಾರಗಳೊಳಗೆ ಅದು ಮರಳಿ ಬರಬೇಕು. ಆ ಎರಡು ವಾರಗಳ ಕಾಲ ತಕ್ಕಡಿಯಿಲ್ಲದ ಮನೆಗೆ ಒದ್ದೆಬಟ್ಟೆಗಳಲ್ಲದೆ ಬೇರೆ ಸಾಕ್ಷಿಯಿಲ್ಲ.

ಹಾಗಾದರೆ ನಮ್ಮ ಅಜ್ಜಿಯರು ಹೇಗೆ ತಿಳಿಯುತ್ತಿದ್ದರು? ಅವರೂ ಎಣಿಸುತ್ತಿದ್ದರು, ಬರೆಯುತ್ತಿರಲಿಲ್ಲ, ಅಷ್ಟೆ. ಹಳೆಯ ಪಂಚೆಯನ್ನೋ ಸೀರೆಯನ್ನೋ ಹರಿದು ಮಾಡಿದ ಮೆತ್ತನೆಯ ಚೌಕಗಳನ್ನು ಒಗೆದು ಹಿತ್ತಿಲ ಹಗ್ಗದ ಮೇಲೆ ಹರವುವಾಗ, ಇಂದು ಹಗ್ಗ ತುಂಬಲಿಲ್ಲವೆಂದರೆ ಕೂಸಿಗೆ ಹಾಲು ಸಾಲಲಿಲ್ಲವೆಂದು ಅವರ ಕೈಗೇ ಗೊತ್ತಾಗುತ್ತಿತ್ತು. ಹಾಗೆಂದು ಅವರ ಬುದ್ಧಿವಂತಿಕೆಯನ್ನು ಸಾರಾಸಗಟಾಗಿ ಹೊಗಳಲು ನಾನು ಸಿದ್ಧನಿಲ್ಲ. ಹಳದಿ ಬಣ್ಣದ ಮೊದಲ ಹಾಲನ್ನು ಕೆಟ್ಟುದೆಂದು ಹಿಂಡಿ ಚೆಲ್ಲಿ, ಒಳಲೆಯಲ್ಲಿ ಸಕ್ಕರೆ ನೀರನ್ನೋ ಜೇನನ್ನೋ ಹನಿಸಿದ ಮನೆಗಳು ಎಷ್ಟೋ. ಈಗಿನ ಡೈಪರಿನಲ್ಲಾದರೋ ಹಗ್ಗವೂ ಇಲ್ಲ, ಹಿಂಡುವ ಕೈಯೂ ಇಲ್ಲ. ಅದು ಮೂತ್ರವನ್ನು ಒಡಲಲ್ಲಿ ಅಡಗಿಸಿಕೊಂಡು ಹೊರಗೆ ಒಣಗಿದಂತೆಯೇ ತೋರುವ ಗುಟ್ಟಿನ ವಸ್ತು. ಕೆಲವಕ್ಕೆ ಒದ್ದೆಯಾದೊಡನೆ ಹಳದಿಯಿಂದ ನೀಲಿಗೆ ತಿರುಗುವ ಒಂದು ಗೆರೆಯನ್ನು ಹಚ್ಚಿರುತ್ತಾರೆ. ಅದಿಲ್ಲದ ಕಡೆ ದಾದಿಯರು ಹೇಳಿಕೊಡುವ ಉಪಾಯ ಸೊಗಸಾಗಿದೆ: ಒಣ ಡೈಪರೊಂದರ ಮೇಲೆ ಮೂರು ದೊಡ್ಡ ಚಮಚ ನೀರು ಸುರಿದು ಕೈಯಲ್ಲಿ ತೂಗಿನೋಡಿ, ಆ ಭಾರವನ್ನು ನೆನಪಿಟ್ಟುಕೊಳ್ಳುವುದು. ಹಗ್ಗದಿಂದ ತಪ್ಪಿಸಿಕೊಂಡ ಲೆಕ್ಕ ಮತ್ತೆ ಅಂಗೈಗೇ ಬಂದು ನಿಂತಿತು.

ಗಡಿಯಾರ ಕೂಸಿನ ಯಜಮಾನನಾಗಿ ಕುಳಿತ ಕಾಲವೂ ಒಂದಿತ್ತು. ನ್ಯೂಜಿಲೆಂಡಿನಲ್ಲಿ ಟ್ರೂಬಿ ಕಿಂಗ್ ಎಂಬ ವೈದ್ಯರು, ಮೊದಲು ಹುಚ್ಚಾಸ್ಪತ್ರೆಯೊಂದರ ಅಧಿಕಾರಿಯಾಗಿದ್ದು ಅಲ್ಲಿಯ ಹೊಲದಲ್ಲಿ ಕರುಗಳ ಪೋಷಣೆಯನ್ನು ಪರೀಕ್ಷಿಸಿ, ೧೯೦೭ರಲ್ಲಿ ತಾಯಿಮಕ್ಕಳ ರಕ್ಷಣೆಗೆಂದು ಸಂಘವೊಂದನ್ನು ಕಟ್ಟಿ, ನಾಲ್ಕು ಗಂಟೆಗೊಮ್ಮೆ ಮಾತ್ರ ಹಾಲು, ರಾತ್ರಿಯಲ್ಲಿ ಇಲ್ಲವೇ ಇಲ್ಲ ಎಂದು ವಿಧಿಸಿದರು. ಶಿಸ್ತಿನ ಹೆಸರಿನಲ್ಲಿ ಎಷ್ಟೋ ತಾಯಂದಿರು ಬಾಗಿಲಾಚೆ ನಿಂತು ಮಗುವಿನ ಅಳುವನ್ನು ಕೇಳುತ್ತ ಗಡಿಯಾರವನ್ನು ನೋಡಿದರು. ಮುಂದೆ ೧೯೪೬ರಲ್ಲಿ ಅಮೆರಿಕದ ಬೆಂಜಮಿನ್ ಸ್ಪಾಕ್ ತಮ್ಮ ಪುಸ್ತಕದಲ್ಲಿ, ತಾಯಿಯಾದವಳು ತನ್ನ ತಿಳಿವಳಿಕೆಯನ್ನೇ ನಂಬಬಹುದೆಂದು ಧೈರ್ಯ ಹೇಳಿದರು. ಇಬ್ಬರ ನಡುವಣ ಭೇದ ನಮ್ಮ ನೋಟುಬುಕ್ಕಿಗೂ ಅನ್ವಯಿಸುತ್ತದೆ. ಹಾಲು ಕುಡಿದ ಮೇಲೆ ಗಂಟೆಯನ್ನು ಬರೆದರೆ ಅದು ಲೆಕ್ಕ. ಗಂಟೆಯಾಗಲಿಲ್ಲವೆಂದು ಹಾಲನ್ನು ತಡೆದರೆ ಅದು ದಬ್ಬಾಳಿಕೆ.

ನಮ್ಮ ಹಳ್ಳಿಗಳಲ್ಲಿ ಲೆಕ್ಕವಿಡುವ ಇದೇ ಕೆಲಸವನ್ನು ಆಶಾ ಕಾರ್ಯಕರ್ತೆಯರು ಸದ್ದಿಲ್ಲದೆ ಮಾಡುತ್ತಿದ್ದಾರೆ. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿನ ಮನೆಗೆ ೩, ೭, ೧೪, ೨೧, ೨೮ ಮತ್ತು ೪೨ನೆಯ ದಿನಗಳಂದು ಹೋಗಿ, ಬಟ್ಟೆಯ ಜೋಲಿಯಲ್ಲಿ ಮಲಗಿಸಿ ತೂಕ ನೋಡಿ, ಹಾಲು ಚೆನ್ನಾಗಿ ಕುಡಿಯುತ್ತದೆಯೆ ಎಂದು ವಿಚಾರಿಸಿ ನಮೂನೆ ತುಂಬುತ್ತಾರೆ. ೨೦೧೧ರಿಂದ ನಡೆದಿರುವ ಈ ಏರ್ಪಾಡಿನ ಮುಂದೆ ದೃಷ್ಟಿಯ ಭಯವೂ ಅಷ್ಟಿಷ್ಟು ಹಿಂಜರಿದಿದೆ.

ಆದರೆ ತೊಟ್ಟಿಲ ಮಗ್ಗುಲಿನ ಪುಸ್ತಕದಿಂದ ಒಂದು ಅಪಾಯವೂ ಇದೆ. ಬರೆದ ಅಂಕೆಯನ್ನು ನೆರೆಮನೆಯ ಅಂಕೆಗೆ ಹೋಲಿಸುವ ಚಟ ಹತ್ತಿದರೆ ಬಾಣಂತಿಗೆ ಬರುವ ಅರೆಬರೆ ನಿದ್ದೆಯೂ ಹಾರಿಹೋಗುತ್ತದೆ. ಒಂದೂವರೆ ತಿಂಗಳಾದ ಮೇಲೆ ಬರಿಯ ಎದೆಹಾಲು ಕುಡಿಯುವ ಕೂಸು ಕೆಲವು ದಿನ ಕಕ್ಕವನ್ನೇ ಮಾಡದೆ ಸುಖವಾಗಿ ನಗುತ್ತಿರಬಹುದು. ಪುಸ್ತಕದವರು ಖಾಲಿ ಮನೆಗಳನ್ನು ನೋಡಿ ಕಂಗಾಲಾಗುತ್ತಾರೆ. ಆದುದರಿಂದ ಹುಟ್ಟಿದಾಗಿನ ತೂಕ ಮರಳಿಬಂದು, ವೈದ್ಯರು ಸರಿಯೆಂದ ಮೇಲೆ ಲೆಕ್ಕವನ್ನು ಚುಕ್ತಾ ಮಾಡಿ ಮೇಲಿಡುವುದು ಲೇಸು. ಅದಕ್ಕೆ ಮೊದಲು ಒದ್ದೆಬಟ್ಟೆ ಕಡಿಮೆಯಾದರೆ, ಕೂಸು ಹಾಲಿಗೆ ಏಳದೆ ಮಂಕಾಗಿ ಮಲಗಿದರೆ, ಕಣ್ಣು ಹಳದಿಯಾದರೆ, ಇನ್ನೊಂದು ಸಾಲು ಬರೆಯುತ್ತ ಕೂರದೆ ಆಸ್ಪತ್ರೆಗೆ ಹೊರಡತಕ್ಕದ್ದು.

ಮನೆಯವರಲ್ಲಿ ನನ್ನದೊಂದು ಬಿನ್ನಹ. ಹಾಲೂಡುವವಳೇ ಲೆಕ್ಕವನ್ನೂ ಬರೆಯಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಪೆನ್ಸಿಲನ್ನು ಅಪ್ಪನೋ ಅಜ್ಜನೋ ಸೋದರಮಾವನೋ ಹಿಡಿಯಲಿ. ಬಟ್ಟೆ ಬದಲಿಸುವುದನ್ನೂ ಅವರೇ ಕಲಿತರೆ ನಮೂದು ಇನ್ನಷ್ಟು ನಿಖರವಾಗಿರುತ್ತದೆ.