ಕಡಲಿಲ್ಲದ ಬಂದರು

ಕನ್ನಡದ ಕುಚೋದ್ಯ ನೋಡಿ: ಹಡಗು ನಿಲ್ಲುವ ಜಾಗವೂ ‘ಬಂದರು’, ನೆಂಟರು ಬಾಗಿಲಿಗೆ ಬಂದರೂ ‘ಬಂದರು’. ಹಾಗಾಗಿ ಕಾವೇರಿ ದಂಡೆಯ ಮುಡುಕುತೊರೆಯನ್ನು ಬಂದರು ಎನ್ನಲು ನನಗೆ ಸಂಕೋಚವಿಲ್ಲ. ಕಡಲು ದೂರವಿದ್ದರೆ ಅದು ಕಡಲಿನ ತಪ್ಪು.

ಪೂರ್ತಿ ದೂರವೆಂದೂ ಹೇಳಲಾರೆ. ಹೊಳೆಯ ಜೊತೆಗೇ ಇಳಿದರೆ ಶಿವನಸಮುದ್ರ, ಹೆಸರಿನಲ್ಲಾದರೂ ಸಮುದ್ರ! ಅಲ್ಲಿ ಕಾವೇರಿ ಬಂಡೆಯಿಂದ ಧುಮುಕುವುದರಿಂದ, ಅವಳು ನಿಜವಾದ ಕಡಲು ಸೇರುವ ಪೂಂಪುಹಾರಿನ ಯಾವ ನಾವೆಯೂ ಇತ್ತ ಹತ್ತಿ ಬರುವಂತಿಲ್ಲ. ಆ ಸೀಮೆಯ ಚೋಳರು ಮಾತ್ರ ಬಂದರು. ಸುಮಾರು 1004ರಲ್ಲಿ ಪಕ್ಕದ ತಲಕಾಡನ್ನು ಗಂಗರಿಂದ ಕಿತ್ತುಕೊಂಡು ರಾಜರಾಜಪುರವೆಂದರು. 1116ರ ಹೊತ್ತಿಗೆ ಹೊಯ್ಸಳ ವಿಷ್ಣುವರ್ಧನ ಬಂದು ‘ತಲಕಾಡುಗೊಂಡ’ನಾದ. ಬಂದವರೆಲ್ಲ ಒಂದು ದಿನ ಲಂಗರು ಎತ್ತಿದರು. ಗುಡಿಗಳಿಗೆ ಹೊದಿಕೆಯಾಗಿ ಅಲ್ಲೇ ಕೂತದ್ದು ಮರಳೊಂದೇ.

ರೈಲು ಬರಲಿಲ್ಲ. 1891ರಲ್ಲಿ ಮೈಸೂರಿನಿಂದ ಹೊರಟದ್ದು 1735ರ ಸೇತುವೆಯ ಮೇಲೆ ಕಪಿಲೆಯನ್ನು ದಾಟಿ ನಂಜನಗೂಡಿಗೆ ಹೋಯಿತು, ಇತ್ತ ಹೊರಳಿ ನೋಡಲಿಲ್ಲ. ಹೊರಳುವ ವಿದ್ಯೆ ರೈಲಿಗೆಲ್ಲಿಂದ ಬರಬೇಕು? ಅದು ಹೊಳೆಗೇ ಗೊತ್ತು. ಮುಡುಕು ಎಂದರೆ ತಿರುವು ತಾನೆ. ನಾನಂತೂ ನರಸೀಪುರದ ಬಸ್ಸಿನಲ್ಲಿ ತೂಕಡಿಸುತ್ತ ಬಂದವನು. ಬೆಟ್ಟದ ಮೆಟ್ಟಿಲನ್ನು ಏದುಸಿರಿನಲ್ಲಿ ಹತ್ತಿ, ಈ ಬಂದರಿನ ದೀಪಸ್ತಂಭವಾದ ಮಲ್ಲಿಕಾರ್ಜುನನ ಎದುರು ಕೂತೆ. ತಲಕಾಡಿನ ಪಂಚಲಿಂಗಗಳಲ್ಲಿ ಇವನೊಬ್ಬ. ಐವರನ್ನೂ ನೋಡುವ ಯೋಗ 2009, 2013, 2020ರಲ್ಲಿ ಕೂಡಿಬಂತು. ಇಲ್ಲಿಗೆ ಪಂಚಾಂಗವೇ ಟೈಮ್‌ಟೇಬಲ್ಲು! ಕೆಳಗೆ ಕಾವೇರಿ ಏನೋ ಮರೆತವಳಂತೆ ಬಾಗಿ ತಿರುಗುತ್ತಿದ್ದಳು.

ಬಂದರಿಗೆ ಸರಕು ಬೇಡವೇ? ಮಾಘದ ಜಾತ್ರೆಗೆ ಬನ್ನಿ. ಜೋಡೆತ್ತುಗಳು ಈಗ ಲಾರಿಯಿಂದ, ಮೊದಲ ಬಾರಿ ಹಡಗಿಳಿದವರಂತೆ, ಹಲಗೆಯ ಮೇಲೆ ಗೊರಸನ್ನು ಅಳೆದಳೆದು ಇಡುತ್ತ ಇಳಿಯುತ್ತವೆ. ಒಮ್ಮೆ ನೋಡಿದ್ದೆ: ಒಬ್ಬ ಎತ್ತಿನ ತುಟಿ ಸರಿಸಿ ಹಲ್ಲೆಣಿಸಿದ. ಆಮೇಲೆ ದಲ್ಲಾಳಿ ಟವೆಲ್ಲು ಹಾಸಿದ. ಅದರಡಿ ಎರಡು ಕೈ ಸೇರಿ, ಬೆರಳು ಹಿಡಿದು, ಬಿಟ್ಟು, ಮತ್ತೆ ಹಿಡಿದವು. ಮುಖಗಳು ಮಾತ್ರ ಹೊಳೆ ನೋಡುತ್ತಿದ್ದವು.

“ಎಷ್ಟಕ್ಕಾಯ್ತು ಯಜಮಾನ್ರೇ?” ಎಂದೆ, ತಡೆಯಲಾರದೆ.

“ಬೆರಳಲ್ಲಿ ಹೇಳಾಯ್ತಲ್ಲ ಸ್ವಾಮಿ, ಬಾಯಲ್ಯಾಕೆ?”

ಏನೂ ಕೊಳ್ಳದೆ, ಏನೂ ತಿಳಿಯದೆ, ಹೊಳೆದಂಡೆಯಲ್ಲಿ ಅಡ್ಡಾಡಿ ಕತ್ತಲಾದ ಮೇಲೆ ಮನೆ ಸೇರಿದೆ. ಹೊಸಿಲಲ್ಲಿ ಚಪ್ಪಲಿ ಕೊಡವಿದರೆ ಒಂದು ಹಿಡಿ ಮರಳು. ಒಳಗಿಂದ ಮನೆಯಾಕೆಯ ದನಿ ಕೇಳಿತು:

“ಅಂತೂ ಬಂದ್ರಲ್ಲಾ!”